ಚೌಕಾಸಿ ಇಲ್ಲದ ಕೀಬೋರ್ಡ್

ಅಂಗಡಿ ಸಾಹುಕಾರರು ಮೊದಲನೇ ಮಾತಿಗೇ ಕೈ ಎತ್ತಿಬಿಟ್ಟರು ನೋಡಿ ಗೆಳೆಯರೇ. ಮನೆಯಲ್ಲಿ ನಾನೊಬ್ಬನೇ, ಏನಾದರೂ ಸದ್ದಿರಲಿ ಎಂದು ಹಾಡು ನುಡಿಸುವ ಕೀಬೋರ್ಡ್ ಕೊಳ್ಳಲು ಇವತ್ತು ದೇವದುರ್ಗದಿಂದ ಬಸ್ ಹತ್ತಿ ರಾಯಚೂರಿಗೆ ಹೋಗಿದ್ದೆ.

"ರೇಟ್ ಇಳಿಸಂಗಿಲ್ರೀ ಯಣ್ಣಾ, ಕಂಪನಿ ರೂಲ್ಸ್ ಅದ. ಕಡಿಮಿಗೆ ಮಾರಿದ್ರ ನನಗ ಮಾಲು ಕಳಸೂದ ಬಂದ್ ಮಾಡ್ತಾರ" ಎಂದರು.

ನನ್ನ ಮುಖ ಬಾಡಿದ್ದು ನೋಡಿ, "ಬೇಕಾದ್ರ ಕವರ್ ಪುಕ್ಕಟೆ ಕೊಡ್ತೀನ್ರೀ" ಎಂದರು.

"ಕವರ್ ತಗೊಂಡು ಏನ್ ಮಾಡ್ಲಿ ಸಾವ್ಕಾರ್ರ? ದಾರ್ಯಾಗೆಲ್ಲಾ ಚೌಕಾಸಿ ಮಾತು ಜೋಡಿಸ್ಕೊಂಡು ಬಂದೀನಿ. ಅವನ್ನ ಯಾರ್ ಮುಂದ ಆಡ್ಲಿ?"

ಅವರು ನಕ್ಕು ಕುರ್ಚಿ ಎಳೆದರು. "ರೇಟಂತೂ ಇಳಿಯಂಗಿಲ್ಲ. ಆದ್ರ ಈಗ ಬ್ಯಾರೆ ಗಿರಾಕಿನೂ ಇಲ್ಲ. ಆಡ್ರಿ, ಕೇಳ್ತೀನಿ."

ಶುರುಮಾಡಿದೆ. "ಕರಿ ಬಟನ್ ನನಗ ಬ್ಯಾಡ್ರೀ. ಬಿಳಿವಷ್ಟ ಕೊಟ್ಟು ಅರ್ಧ ರೇಟ್ ಹಚ್ಚರಿ."

"ಆರಿಸ್ಕೊಳ್ಳಾಕ ಇದೇನ್ ಬದನಿಕಾಯೇನ್ರೀ?" ಎಂದು ಹಣೆ ಬಡಿದುಕೊಂಡರು.

ನಾನು ಸಿಟ್ಟು ಬಂದವನ ಹಾಗೆ ಬಾಗಿಲತನಕ ಹೋದೆ. ಅವರು "ಬರ್ರಿ, ಬರ್ರಿ" ಎಂದು ವಾಪಸ್ ಕರೆದು ಚಹಾ ತರಿಸಿದರು. ಮತ್ತೆ ಕೂತೆವು, ಮತ್ತೆ ಜಗಳ. ರೇಟು ಇದ್ದಲ್ಲೇ ಇತ್ತು. ಎಷ್ಟೋ ದಿನದ ಮೇಲೆ ಒಬ್ಬರ ಜೊತೆ ಇಷ್ಟು ಮಾತಾಡಿದೆ.

ಅಷ್ಟರಲ್ಲಿ ಅಂಗಡಿಯ ಹಿಂದಿನ ಮನೆಯಿಂದ ಅವರ ಹೆಂಡತಿ ಕೂಗಿದರು: "ರೊಟ್ಟಿ ಆರಾಕತ್ತಾವ, ಊಟಕ್ಕ ಬರ್ರಿ!"

ಕರೆದದ್ದು ಗಂಡನನ್ನು. ಎದ್ದು ನಿಂತವರು ಇಬ್ಬರು.