ಸಾಹುಕಾರನ ಬಾಣಂತನ

ನಮ್ಮ ಅತ್ತೆ ಕಡಲತೀರದ ಸಣ್ಣ ಮತ್ಸ್ಯಾಲಯದಲ್ಲಿ ಮೀನುಗಳನ್ನು ನೋಡಿಕೊಳ್ಳುತ್ತಾರೆ. ತೊಟ್ಟಿ ಉಜ್ಜುತ್ತಾ ಒಂದೊಂದನ್ನೂ ಮಾತಾಡಿಸುತ್ತಾರೆ. "ನಿನ್ನೆ ಹಾಕಿದ್ದೇ ಬಿಟ್ಟಿದ್ದೀಯ, ಈಗ ಬಾಯಿ ಬಿಟ್ಕೊಂಡು ಬಂದ್ಯಾ?" ಮನೆಯಲ್ಲಿ ಮಾವನಿಗೂ ನನ್ನ ಕೈಗೂಸಿಗೂ ಸಲ್ಲುವುದು ಇದೇ ಧಾಟಿ.

ಅತ್ತೆಯ ಮುದ್ದಿನವನು ಒಬ್ಬ ಕಡಲಕುದುರೆ. ಹೊಟ್ಟೆ ಮುಂದೆ ಮಾಡಿ ನಿಲ್ಲುವುದರಿಂದ ಅವನ ಹೆಸರು ಸಾಹುಕಾರ. ಕಡಲಕುದುರೆಗಳಲ್ಲಿ ಬಸಿರು ಹೊರುವುದು ಗಂಡು. ಇದನ್ನು ಅತ್ತೆ ಮಾವನಿಗೆ ನೆನಪಿಸದ ದಿನವಿಲ್ಲ.

"ಅವನನ್ನ ನೋಡಿ ಕಲೀರಿ."

"ಆಯ್ತಮ್ಮ, ಮುಂದಿನ ಜನ್ಮಕ್ಕೆ ಇಟ್ಕೊಳ್ಳೋಣ."

ಸಾಹುಕಾರನಿಗೆ ದಿನ ತುಂಬುವ ಹೊತ್ತಿಗೇ ಚಂಡಮಾರುತ ಬಂತು. ಕರೆಂಟು ಹೋಯಿತು, ಸಮುದ್ರದ ನೀರೆತ್ತುವ ಪಂಪು ನಿಂತಿತು. ಗಾಳಿ ಇಳಿದ ಮೇಲೆ ಹೋಗಿ ನೋಡಿದರೆ ತೊಟ್ಟಿಯ ನೀರು ಮಬ್ಬಾಗಿ, ಅವನು ಗಿಡಕ್ಕೆ ಬಾಲ ಸುತ್ತಿಕೊಂಡು ಸೋತು ನಿಂತಿದ್ದ. ಹೊಸ ನೀರು ಸಿಗದಿದ್ದರೆ ಅವನೂ ಉಳಿಯುವುದಿಲ್ಲ, ಹೊಟ್ಟೆಯಲ್ಲಿರುವ ಮರಿಗಳೂ ಉಳಿಯುವುದಿಲ್ಲ.

ಮಗನನ್ನು ಮೈಗೆ ಕಟ್ಟಿಕೊಂಡು ನಾನೂ ಅತ್ತೆಯ ಜೊತೆ ಸಮುದ್ರದಿಂದ ನೀರು ತಂದು ಬಟ್ಟೆಯಲ್ಲಿ ಸೋಸಿದೆ. ಹೊರಗೆ ಬಿಸಿಲು ಧಗಧಗ ಎನ್ನುತ್ತಿತ್ತು.

"ಸುರಿದುಬಿಡಿ ಅತ್ತೆ. ಈ ಬಿಸಿಲಿಗೆ ಬೆಚ್ಚಗೇ ಇರುತ್ತೆ."

ಅತ್ತೆಗೂ ಅವಸರ, ಬಕೆಟ್ ಎತ್ತಿಯೇಬಿಟ್ಟಿದ್ದರು. ಆದರೆ ಮೊಮ್ಮಗನಿಗೆ ನೀರು ಹಾಕಿ ಹಾಕಿ ಬಂದ ಅಭ್ಯಾಸ. ಸುರಿಯುವ ಮುನ್ನ ಮೊಣಕೈ ಅದ್ದಿದರು. ತಟ್ಟನೆ ಬಕೆಟ್ ಕೆಳಗಿಟ್ಟರು.

"ಅಯ್ಯಯ್ಯೋ, ಕೊರೀತಿದೆ ಕಣೇ! ಸುರಿದಿದ್ರೆ ಅವನ ಕಥೆ ಮುಗೀತಿತ್ತು."

"ನಮಗೆ ಬೆವರು ಇಳೀತಿದೆ, ಸಮುದ್ರಕ್ಕೆ ಅದ್ಹೇಗೆ ಚಳಿ?"

"ಮಗೂ ಸ್ನಾನಕ್ಕೆ ತಣ್ಣೀರ ಮೇಲೆ ಬಿಸಿನೀರು ಹಾಕಿ ಕಲಕದೇ ಬಿಟ್ರೆ?"

"ಬಿಸಿ ಮೇಲೇ ನಿಲ್ಲುತ್ತೆ."

"ಸಮುದ್ರಾನೂ ಅಷ್ಟೇ. ಮೇಲೆ ಬೆಚ್ಚಗೆ, ಕೆಳಗೆ ತಣ್ಣಗೆ. ಚಂಡಮಾರುತ ಬಂದು ಚೆನ್ನಾಗಿ ಕಲಕಿ ಕೆಳಗಿಂದು ಮೇಲೆ ತಂದಿದೆ. ಸಾಲದ್ದಕ್ಕೆ ಮೇಲಿದ್ದ ಬಿಸೀನೂ ಹೀರಿದೆ, ಚಂಡಮಾರುತಕ್ಕೆ ಆ ಬಿಸೀನೇ ಊಟ. ಮತ್ತೆ ಬೆಚ್ಚಗಾಗೋಕೆ ಎಷ್ಟೋ ದಿನ ಬೇಕು."

ಸಾಹುಕಾರ ಅಷ್ಟು ದಿನ ಕಾಯುವ ಸ್ಥಿತಿಯಲ್ಲಿರಲಿಲ್ಲ. ಬಿಸಿನೀರು ಬೆರೆಸೋಣವೆಂದರೆ ಉಪ್ಪು ಕಡಿಮೆಯಾಗುತ್ತದೆ. ಅತ್ತೆ ಮಾವನಿಗೆ ಫೋನ್ ಮಾಡಿದರು.

"ಒಲೆ ಮೇಲೆ ಮಗೂ ಸ್ನಾನದ ನೀರಿದೆಯಲ್ಲ, ಬಾಟಲಿಗಳಿಗೆ ತುಂಬಿ, ಮುಚ್ಚಳ ಬಿಗಿ ಮಾಡಿ ತನ್ನಿ."

"ಮಗೂಗೆ ಸ್ನಾನ?"

"ಒಂದು ದಿನ ಕೊಳಕಾಗಿರಲಿ ಬಿಡಿ. ನಿಮ್ಮ ಮೊಮ್ಮಗ ತಾನೇ!"

ಮಾವ ಏದುಸಿರು ಬಿಡುತ್ತಾ ಬಾಟಲಿಗಳನ್ನು ತಂದರು. ಅವುಗಳನ್ನು ಹಾಗೆಯೇ ಬಕೆಟ್ಟಿನಲ್ಲಿ ತೇಲಿಬಿಟ್ಟೆವು. ಅತ್ತೆ ಥರ್ಮಾಮೀಟರ್ ನೋಡಿದರು, ಸಮಾಧಾನವಾಗದೆ ಮೊಣಕೈಯನ್ನೂ ಅದ್ದಿದರು. ಆಮೇಲೆ ಸಣ್ಣ ಕೊಳವೆಯಿಂದ ಹನಿಹನಿಯಾಗಿ ತೊಟ್ಟಿಗೆ ಬಿಟ್ಟೆವು. ಮಗನಿಗೆ ಹಾಲು ಕುಡಿಸುತ್ತಾ ನಾನು ಕೊಳವೆ ಹಿಡಿದು ಕುಳಿತೆ. ಇಬ್ಬರಿಗೂ ಒಟ್ಟಿಗೇ ಉಣಿಸಿದಂತಿತ್ತು.

ಸಂಜೆಯ ಹೊತ್ತಿಗೆ ಸಾಹುಕಾರ ಗಿಡ ಬಿಟ್ಟು ಈಚೆ ಬಂದ. ಒಮ್ಮೆ ಬಾಗಿದ, ಒಮ್ಮೆ ಸೆಟೆದ. ಹೊಟ್ಟೆಯ ಚೀಲದಿಂದ ನೂಲಿನ ಎಳೆಗಳಂಥ ಮರಿಗಳು ಬುಳುಬುಳು ಹೊರಬಂದವು. ಬಂದ ತಕ್ಷಣವೇ ಒಂದರ ಬಾಲಕ್ಕೊಂದು ಜೋತುಬಿದ್ದವು.

ಅತ್ತೆ ಕಣ್ಣೊರೆಸಿಕೊಂಡು, ಬಾಗಿಲಲ್ಲಿ ನಿಂತಿದ್ದ ಮಾವನನ್ನು ಕರೆದರು. "ಬನ್ರೀ, ಹೆತ್ತ ಗಂಡಸಿನ ಮುಖ ನೋಡಿ."

ಮಾವ ಗಾಜಿನ ಮುಂದೆ ಬಗ್ಗಿ ಬಹಳ ಹೊತ್ತು ನೋಡಿದರು. ಆಮೇಲೆ ಕೈ ಮುಗಿದು ಹೇಳಿದರು: "ಸಾಹುಕಾರ್ರೇ, ನಮ್ಮ ಮಾನ ಕಳೆದ್ರಿ."