ಎಂಜಿನ್ ಇಳಿಸದೆ ಹೆಡ್ ಬಿಚ್ಚಿದ ಮಧ್ಯಾಹ್ನ

ಅನ್ನದ ಗಡಿಗೆಯ ಮುಚ್ಚಳ ತೆಗೆಯಲು ಯಾರಾದರೂ ಒಲೆ ಕೀಳುತ್ತಾರೆಯೇ? ಡೀಸೆಲ್ ಎಂಜಿನ್ನಿನ ವಿಷಯದಲ್ಲೂ ನಾನು ಇದೇ ಮಾತು ಹೇಳುತ್ತ ಬಂದವನು. ಸಿಲಿಂಡರುಗಳ ಮೇಲೆ ಮುಚ್ಚಳದಂತೆ ಕೂತ ಎರಕದ ಕಬ್ಬಿಣದ ಗಟ್ಟಿಯೇ ಹೆಡ್ಡು. ಅದೊಂದನ್ನು ತೆಗೆಯಲು ಇಡೀ ಎಂಜಿನ್ ಇಳಿಸಿ ಗಾಡಿಯ ಹೊಟ್ಟೆ ಬಗೆಯುವವರು ಬಗೆಯಲಿ. ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಎಂಜಿನ್ ಇದ್ದಲ್ಲೇ ಹೆಡ್ ಎತ್ತುವ ಗಂಡು ನಾನೊಬ್ಬನೇ ಎಂದು ನಾನೇ ಹೇಳಿಕೊಳ್ಳುತ್ತೇನೆ. ಬೇರೆಯವರು ಹೇಳಲಿ ಎಂದು ಕಾಯುವಷ್ಟು ಆಯುಷ್ಯ ಈಗ ಉಳಿದಿಲ್ಲ ನೋಡಿ. ಕೊಚ್ಚಿಕೊಳ್ಳುವ ಬಾಯಿಗೆ ದಣಿವಿಲ್ಲ. ದಣಿವೆಲ್ಲ ಸೊಂಟದ ಪಾಲು.

ಹಳೆಯ ಟೆಂಪೋದಲ್ಲಿ ಎಂಜಿನ್ ಇರುವುದು ಡ್ರೈವರನ ಸೀಟಿಗೂ ಪಕ್ಕದ ಸೀಟಿಗೂ ನಡುವೆ. ಹಾಗಾಗಿ ಎರಡೂ ಸೀಟುಗಳ ಮೇಲೆ ಹಲ್ಲಿಯಂತೆ ಬೋರಲು ಬಿದ್ದು, ಉಸಿರು ಬಿಗಿಹಿಡಿದು, ಕೆಳಗಿನಿಂದ ಭಾರ ಎಳೆದುಕೊಳ್ಳಬೇಕು. ನಟ್ಟು ಬಿಚ್ಚುವ ಪಾನಾ ಸವೆದರೆ ಎಸೆದು ಹೊಸದು ತರಬಹುದು. ಈ ಕೆಲಸದಲ್ಲಿ ಮೊದಲು ಸವೆಯುವ ಸಾಮಾನು ಅಂಗಡಿಯಲ್ಲಿ ಸಿಗುವುದಿಲ್ಲ.

ಮೊನ್ನೆ ಸವಣೂರಿನ ಹುಸೇನಸಾಬನ ಫೋನು ಬಂತು. ಎಲೆಬಳ್ಳಿ ತೋಟದವನು, ನನ್ನ ಹಳೆಯ ಗೆಳೆಯ. ವೀಳ್ಯದೆಲೆಯ ಬುಟ್ಟಿಗಳನ್ನು ಹೇರಿಕೊಂಡು ಹೆಂಡತಿ ಖೈರುನಬಿಯ ಜೊತೆ ಹಿರೇಕೆರೂರಿನ ಪೇಟೆಗೆ ಹೊರಟವನ ಟೆಂಪೋ ತಿಳವಳ್ಳಿಯ ಹತ್ತಿರ ಬಿಳಿ ಹೊಗೆ ಕಾರಿ ನಿಂತಿತ್ತು. ಹೆಡ್ಡಿನ ಕೆಳಗೆ ಸಂದು ಮುಚ್ಚುವ ತೆಳು ಹಾಳೆ, ಗ್ಯಾಸ್ಕೆಟ್, ಸುಟ್ಟಿದೆ ಎಂದು ಫೋನಿನಲ್ಲೇ ಗೊತ್ತಾಗಿ, ಹೊಸದೊಂದನ್ನು ಹಿಡಿದೇ ಹೋದೆ.

"ಹೊತ್ತು ಮುಳುಗೋದ್ರಾಗ ಎಲಿ ಪ್ಯಾಟಿ ಮುಟ್ಟಬೇಕೋ ಮಿಸ್ತ್ರಿ," ಎಂದ ಹುಸೇನ. "ಬಾಡಿದ ಎಲಿ ಆಡೂ ಮೂಸಂಗಿಲ್ಲ."

"ನಾ ಬಂದೇನಲ್ಲೋ. ನಿನ್ನ ಎಲಿಗಿಂತ ನಿನ್ನ ಮಾರಿನ ಭಾಳ ಬಾಡೇತಿ," ಎಂದೆ. ಖೈರುನಬಿ ಸೆರಗಿನಲ್ಲಿ ನಕ್ಕಳು.

ನೀರು ಬಸಿದು, ಡೀಸೆಲ್ ಕೊಳವೆ ಕಳಚಿ, ಮೇಲಿನ ಸಾಮಾನೆಲ್ಲ ಬಿಚ್ಚಿದರೂ ಹೆಡ್ಡು ಅಂಟಿಕೊಂಡೇ ಇತ್ತು. ಉಳಿ ಹಾಕಿ ಮೀಟಿದರೆ ಅದರ ಅಡಿಯ ಮೈ ಕೆಡುತ್ತದೆ. ನಟ್ಟುಗಳನ್ನು ಪೂರ್ತಿ ತೆಗೆಯದೆ ಕೊಂಚ ಸಡಿಲಿಸಿ ಸ್ಟಾರ್ಟರ್ ತಿರುಗಿಸಿದರೆ ಒಳಗೆ ಒತ್ತಿದ ಗಾಳಿಯೇ ಹೆಡ್ಡನ್ನು ಎಬ್ಬಿಸುತ್ತದೆ. ಇಷ್ಟನ್ನು ನೆಟ್ಟಗೆ ಹೇಳಿದರೆ ನಾನು ನಾನಲ್ಲ. ಕಣ್ಣುಮುಚ್ಚಿ, ತುಟಿ ಅಲ್ಲಾಡಿಸಿ, ಎಂಜಿನ್ನಿನ ಮೇಲೆ ಊದಿ, "ಈಗ ಚಾವಿ ತಿರುವು," ಎಂದೆ. ಟಪ್ಪೆಂದು ಹೆಡ್ಡು ಎದ್ದಿತು.

"ಯಾ ಅಲ್ಲಾ!" ಎಂದಳು ಖೈರುನಬಿ.

"ಏನ್ ಓದಿದ್ಯೋ?" ಎಂದ ಹುಸೇನ.

"ನಿಮ್ಮ ಎಲಿ ತಿಂದ ತಿಂದ ನನ್ನ ಬಾಯಿಗೆ ಸಿದ್ಧಿ ಬಂದೇತಿ. ದೂರ ಸರೀರಿ, ನಾ ಒಬ್ಬನ ಎತ್ತತೇನಿ."

ನಟ್ಟುಗಳನ್ನೆಲ್ಲ ತೆಗೆದು, ಬೋರಲು ಬಿದ್ದು ಎತ್ತಿದೆ. ನಿಂತ ಬೋಲ್ಟುಗಳ ಅರ್ಧದವರೆಗೆ ಬಂದದ್ದಷ್ಟೇ, ಸೊಂಟ ಹಿಡಿದುಬಿಟ್ಟಿತು. ಮೇಲೆತ್ತಲಾರೆ, ಕೆಳಗಿಡಲಾರೆ. ಕೈಬಿಟ್ಟರೆ ಹೆಡ್ಡು ವಾರೆಯಾಗಿ ಬಿದ್ದು ಅದರ ನುಣುಪು ಮೈಗೆ ಗಾಯ. ಮತ್ತೆ ಅದನ್ನು ಲೇಥಿಗೆ ಒಯ್ದು ಸವರಿಸಿ ತರುವಷ್ಟರಲ್ಲಿ ಬುಟ್ಟಿಯಲ್ಲಿ ಎಲೆಯ ಬದಲು ಕಸ.

"ಹುಸೇನ, ಆ ಕಡೆ ಹಿಡಿಯೋ. ಸೊಂಟ ಹಿಡಕೊಂಡೇತಿ."

"ಹೂಂ ಹೂಂ. ಹ್ವಾದ ಸಲ ಕೈ ಸಿಕ್ಕತು ಅಂತ ಚೀರಿ, ನಾ ಓಡಿ ಬಂದ್ರ ಬೀಡಿ ಕೇಳಿದ್ದಿ."

"ಖರೇನೋ!"

"ಆವಾಗೂ ಖರೇನ ಅಂದಿದ್ದಿ."

ನಕ್ಕು ನಿಂತೇಬಿಟ್ಟ. ಒಂದು ಮಾತು ಹೇಳಲೇ ಗೆಳೆಯರೇ? ಊರನ್ನೆಲ್ಲ ನಗಿಸಿದವನಿಗೆ ಊರು ಒಂದನ್ನು ಮಾತ್ರ ಕೊಡುವುದಿಲ್ಲ: ಅವನ ನೋವನ್ನು ನಂಬುವ ಸೌಜನ್ಯವನ್ನು. ಇನ್ನೊಂದು ಮಾತು ಹುಡುಕಲೂ ತ್ರಾಣವಿರಲಿಲ್ಲ. ಬೆವರು ಕಣ್ಣಿಗಿಳಿಯುತ್ತಿತ್ತು. ಸುಮ್ಮನಾದೆ.

"ಏ ಜೀ, ನಗಬ್ಯಾಡ್ರಿ," ಎಂಬ ಖೈರುನಬಿಯ ದನಿ ಕೇಳಿತು. "ಅಣ್ಣಾರು ಮಾತ ನಿಲ್ಲಿಸ್ಯಾರ!"

ಹೇಳಿದವಳೇ ಆಚೆ ಬಾಗಿಲಿನಿಂದ ನುಗ್ಗಿ ಹೆಡ್ಡಿನ ತುದಿಗೆ ಕೈಕೊಟ್ಟಳು. ಬೆನ್ನಿಗೇ ಹುಸೇನನೂ ಬಂದ. ಮೂವರೂ ಸೇರಿ ಎತ್ತಿದ ಆ ಕಬ್ಬಿಣದ ಮೇಲೆ ಒಂದು ಗೀರೂ ಬಿದ್ದಿರಲಿಲ್ಲ. ನನ್ನನ್ನು ಕೆಳಗಿಳಿಸುವುದೇ ಅವರಿಗೆ ಹೆಚ್ಚು ಕಷ್ಟವಾಯಿತು.

ಮುಂದಿನ ಕೆಲಸ ಮಾಡಿದವನು ಹುಸೇನ, ನಾನು ರಸ್ತೆ ಬದಿಯ ಹುಲ್ಲಿನಲ್ಲಿ ಮಲಗಿದ ಬರೀ ಬಾಯಿ. ಹಳೆಯ ಗ್ಯಾಸ್ಕೆಟ್ ಕೆರೆದು ತೆಗೆಸಿದೆ, ಹೊಸದು ಹಾಸಿಸಿದೆ. ಗಂಡಹೆಂಡತಿ ಎರಡು ತುದಿ ಹಿಡಿದು ಇಳಿಸಿದ ಹೆಡ್ಡು ಬೋಲ್ಟುಗಳ ಮೇಲೆ ತೊಟ್ಟಿಲ ಕೂಸಿನಂತೆ ಕೂತಿತು. ನಾನೊಬ್ಬನೇ ಎಂದೂ ಅಷ್ಟು ಮೆತ್ತಗೆ ಕೂರಿಸಿದವನಲ್ಲ. "ನಡುವಿನ ನಟ್ಟಿಂದ ಹೊರಗ ಬಿಗಕೊಂತ ಬಾ," ಎಂದು ಒದರಿದೆ. ಬಿಚ್ಚಿದ್ದನ್ನೆಲ್ಲ ಜೋಡಿಸಿ ಚಾವಿ ತಿರುವಿದಾಗ ಟೆಂಪೋ ಒಮ್ಮೆ ಕೆಮ್ಮಿ ಹೊತ್ತಿಕೊಂಡಿತು. ಹೊತ್ತು ಇನ್ನೂ ಇತ್ತು.

ನೆಟ್ಟಗೆ ಕೂರಲಾರದ ನನ್ನನ್ನು ಹಿಂದೆ ಎಲೆಬುಟ್ಟಿಗಳ ನಡುವೆ ಗೋಣಿಚೀಲದ ಮೇಲೆ ಮಲಗಿಸಿ, ಹಿರೇಕೆರೂರಿನ ಡಾಕ್ಟರಿಗೆ ತೋರಿಸುತ್ತೇನೆಂದು ಹುಸೇನ ಗಾಡಿ ಬಿಟ್ಟ. ಖೈರುನಬಿ ನನ್ನ ಪಕ್ಕದಲ್ಲಿ ಕೂತು, ಎಲೆ ಬಾಡದಿರಲೆಂದು ಬುಟ್ಟಿಯಿಂದ ಬುಟ್ಟಿಗೆ ನೀರು ಚಿಮುಕಿಸುತ್ತ ಬಂದಳು. ಕೈ ನನ್ನ ಮುಖದ ಹತ್ತಿರ ಬಂದಾಗಲೂ ಅವಳು ಚಿಮುಕಿಸುವುದನ್ನು ನಿಲ್ಲಿಸಲಿಲ್ಲ. ನಾನೂ ಬೇಡವೆನ್ನಲಿಲ್ಲ.