ಕುಂಕುಮ ಇಟ್ಟ ಎಂಜಿನ್

ನಮ್ಮ ದೋಣಿಗೆ ಎರಡು ಎಂಜಿನ್. ಎಡಗಡೆಯದು ನನ್ನದು, ಬಲಗಡೆಯದು ನನ್ನ ಹೆಂಡತಿಯ ಅಣ್ಣನದು. ಹಳೇ ದೋಣಿಯನ್ನು ಇಬ್ಬರೂ ಸೇರಿ ಕೊಂಡ ಕಾಲಕ್ಕೆ ಒಂದು ದೊಡ್ಡ ಎಂಜಿನ್ ಸಿಗಲಿಲ್ಲ, ಎರಡು ಸಣ್ಣವು ಸಿಕ್ಕವು. ಹಿಂಬದಿಯ ಹಲಗೆಗೆ ಅಕ್ಕಪಕ್ಕ ನೇತುಹಾಕಿದೆವು. ಒಂದೊಂದಕ್ಕೂ ಬೇರೆ ಬೇರೆ ಹಿಡಿಕೆ. ಒಬ್ಬ ಎಡಕ್ಕೆ, ಇನ್ನೊಬ್ಬ ಬಲಕ್ಕೆ ತಿರುಗಿಸಿದರೆ ದೋಣಿ ಎಲ್ಲಿಗೂ ಹೋಗುವುದಿಲ್ಲ. ನಾನು ಭದ್ರಾವತಿಯ ಜನ್ನಾಪುರದವನು, ಭಾವ ಶಿವಮೊಗ್ಗದ ಆಲ್ಕೊಳದವರು. ಭದ್ರಾವತಿ ಮೇಲೋ ಶಿವಮೊಗ್ಗ ಮೇಲೋ ಎಂಬುದರಿಂದ ಹಿಡಿದು ಸಾರಿಗೆ ಬೆಲ್ಲ ಹಾಕಬೇಕೋ ಬೇಡವೋ ಎಂಬುದರವರೆಗೆ ನಮಗೆ ಯಾವುದರಲ್ಲೂ ಸರಿಬಂದದ್ದಿಲ್ಲ. ಆದರೆ ಭಾನುವಾರ ಭದ್ರಾ ಹಿನ್ನೀರಿಗೆ ಮೀನು ಹಿಡಿಯಲು ಹೋದಾಗ ಮಾತ್ರ ಸರಿಬರಲೇಬೇಕಿತ್ತು.

ಈ ವರ್ಷ ಭಾವನಿಗೆ ಹೃದಯದ ಆಪರೇಷನ್ ಆಯಿತು. ಭಾರ ಎತ್ತಬೇಡಿ, ಜಗ್ಗಬೇಡಿ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿಬಿಟ್ಟರು. ನಮ್ಮ ಎಂಜಿನ್ನುಗಳೋ ಹಗ್ಗ ಜಗ್ಗದೆ ಉಸಿರೇ ಬಿಡುವುದಿಲ್ಲ. ಅದರಲ್ಲೂ ಭಾವನದು ಮುದಿಯಾಗಿ, ಜಗ್ಗಿ ಜಗ್ಗಿ ತೋಳು ಸೋತ ಮೇಲೆ ಒಮ್ಮೆ ಕೆಮ್ಮುತ್ತಿತ್ತು.

"ಎರಡೂ ಹಗ್ಗ ನಾನೇ ಎಳೀತೀನಿ, ನೀವು ಹಿಡಿಕೆ ಹಿಡ್ಕೊಳ್ಳಿ ಸಾಕು," ಎಂದೆ. ಅವರು ಒಪ್ಪಿ ಬಂದರು. ನನ್ನದನ್ನು ಚಾಲೂ ಮಾಡಿ ಆ ಕಡೆ ಹೋಗಿ ಅವರದರ ಹಗ್ಗ ಜಗ್ಗುವಷ್ಟರಲ್ಲಿ ನನ್ನದು ನಿಂತಿತು. ಈ ಕಡೆ ಬಂದರೆ ಅದು ನಿಂತಿತು. ದೋಣಿ ಇದ್ದಲ್ಲೇ ಗಿರಕಿ ಹೊಡೆಯಿತು. ನನಗೆ ರೇಗಿ ಎಂಜಿನ್ನಿಗೆ ಬೈದೆ, ನೀರಿಗೆ ಬೈದೆ. ಭಾವ ಮಾತ್ರ ತಮ್ಮ ಬಲಗೈ ನೋಡಿಕೊಳ್ಳುತ್ತ ಕೂತಿದ್ದರು.

ಭಾವನದೊಂದನ್ನು ಬದಲಿಸೋಣವೆಂದು ಕೇಳಿದರೆ ಶಿವಮೊಗ್ಗದ ಎಂಜಿನ್ ಅಂಗಡಿಯವನು ಮುಲಾಜಿಲ್ಲದೆ ಹೇಳಿದ. ಹೊಸದೊಂದು ಹಳೇದೊಂದು ಹಾಕಿದರೆ ದೋಣಿ ಒಂದೇ ಕಡೆ ಎಳೆಯುತ್ತದೆ, ಎರಡನ್ನೂ ಕಳಚಿ ಬಟನ್ ಸ್ಟಾರ್ಟಿನ ದೊಡ್ಡದು ಒಂದನ್ನು ಹಾಕಿ ಎಂದ. ಹಲಗೆಗೆ ಸರಿಹೊಂದುತ್ತದೋ ನೋಡಿ, ಬೇಡವಾದರೆ ವಾಪಸ್ ತಂದುಕೊಡಿ ಎಂದು ಒಂದನ್ನು ಕೊಟ್ಟೂ ಕಳಿಸಿದ.

"ತಗೋ ಮಾರಾಯ, ಒಳ್ಳೇದೇ ಅಲ್ವಾ," ಎಂದರು ಭಾವ. "ಇನ್ಮೇಲೆ ಒಬ್ಬನೇ ಓಡಿಸ್ಬಹುದು. ನೀನು ಓಡ್ಸು. ನಾನು ಮುಂದ್ಗಡೆ ಲಗೇಜಿನ ಹಾಗೆ ಕೂತಿರ್ತೀನಿ."

ನಗುತ್ತಲೇ ಹೇಳಿದರು. ಆದರೆ ಆ ನಗು ನನಗೆ ಸಹಿಸಲಾಗಲಿಲ್ಲ. "ಈ ದರಿದ್ರದ್ದು ಬೇಡ, ಹಬ್ಬ ಆದ ಮಾರನೇ ದಿನವೇ ವಾಪಸ್ ಕೊಟ್ಟು ಬರ್ತೀನಿ," ಎಂದು ಎಗರಾಡಿದೆ. ಕೊಟ್ಟುಬಂದರೆ ಭಾವನಿಗೆ ದೋಣಿಯೇ ಇಲ್ಲವಾಗುತ್ತದೆ, ಇಟ್ಟುಕೊಂಡರೆ ಅವರ ಹಿಡಿಕೆ ಇಲ್ಲವಾಗುತ್ತದೆ. ಯಾವ ದಾರಿಯೂ ಕಾಣದೆ ಕೂಗಾಡಿದ್ದು ಅಷ್ಟೇ.

ಅಷ್ಟರಲ್ಲಿ ಆಯುಧಪೂಜೆ ಬಂತು. ಕಬ್ಬಿಣದ ಕಾರ್ಖಾನೆಯ ಊರಿನವರಾದ ನಮಗೆ ಅದಕ್ಕಿಂತ ದೊಡ್ಡ ಹಬ್ಬವಿಲ್ಲ. ಹಳೇ ಎಂಜಿನ್ನುಗಳನ್ನು ಪ್ರತಿ ವರ್ಷದಂತೆ ಮನೆಗೆ ತಂದು, ತೊಳೆದು, ಜಗಲಿಯಲ್ಲಿ ನಿಲ್ಲಿಸಿದ್ದೆ. ನಾನು ಬೂದುಗುಂಬಳ ತರಲು ಹೋಗಿ ಬರುವಷ್ಟರಲ್ಲಿ ಹೆಂಡತಿ ಸ್ಕೂಟರು, ಮಿಕ್ಸಿ, ಬಾವಿಯ ಮೋಟರು, ಈಳಿಗೆಮಣೆ ಎಲ್ಲದಕ್ಕೂ ಪೂಜೆ ಮುಗಿಸಿದ್ದಳು. ಮೂಲೆಯಲ್ಲಿದ್ದ ಹೊಸ ಎಂಜಿನ್ನಿಗೂ ವಿಭೂತಿ ಬಳಿದು, ಕುಂಕುಮ ಇಟ್ಟು, ಸೇವಂತಿಗೆ ಮಾಲೆ ಹಾಕಿ ಆರತಿ ಎತ್ತಿಬಿಟ್ಟಿದ್ದಳು.

"ಅದು ನಮ್ದಲ್ಲ ಕಣೇ! ವಾಪಸ್ ಕೊಡೋದು!"

"ನಂಗೇನು ಗೊತ್ತು? ಕಬ್ಬಿಣ ಅಂತ ಕಂಡಿದ್ದಕ್ಕೆಲ್ಲ ಕುಂಕುಮ ಇಟ್ಕೊಂಡು ಬಂದೆ," ಎಂದಳು. ನಿಜವಾಗಿ ಗೊತ್ತಿರಲಿಲ್ಲವೋ ಏನೋ, ದೇವರೇ ಬಲ್ಲ. ಅಣ್ಣನ ವಿಷಯದಲ್ಲಿ ಅವಳನ್ನು ನಾನು ನಂಬುವುದಿಲ್ಲ.

ಒದ್ದೆ ಬಟ್ಟೆ ತಂದೆ. ಒರೆಸಿದರೆ ಹೋಗುವ ಕುಂಕುಮ ತಾನೆ? ಕೈ ಮುಂದೆ ಹೋಗಲಿಲ್ಲ. ಪೂಜೆ ಮಾಡಿದ್ದನ್ನು ಮನೆಯಿಂದ ಹೊರಗೆ ಹಾಕುವಷ್ಟು ಗಟ್ಟಿಗ ನಾನಲ್ಲ. ಒಳಗೊಳಗೆ ನಿರಾಳವೂ ಆಯಿತು, ಸುಳ್ಳೇಕೆ ಹೇಳಲಿ. ಹಬ್ಬಕ್ಕೆ ಬಂದಿದ್ದ ಭಾವ ಜಗಲಿಯಲ್ಲಿ ಕೂತು ಮಂಡಕ್ಕಿ ತಿನ್ನುತ್ತಿದ್ದರು.

ಮುಂದಿನ ಭಾನುವಾರ ಹೊಸ ಎಂಜಿನ್ ಹಾಕಿ ದೋಣಿಯನ್ನು ನೀರಿಗಿಳಿಸಿದೆವು. ಭಾವ ಚೀಲ ಹಿಡಿದು ಮುಂದಿನ ಹಲಗೆಯ ಕಡೆ ಹೊರಟರು. ಅವರಿಗಿಂತ ಮೊದಲು ನುಗ್ಗಿ ನಾನೇ ಅಲ್ಲಿ ಕೂತುಬಿಟ್ಟೆ.

"ಏಯ್, ಅದು ನನ್ನ ಜಾಗ. ನಿಂಗೇನಾಯ್ತು ಮಾರಾಯ?"

"ಬಟನ್ ಗಿಟನ್ ನಂಗೆ ಬರಲ್ಲ. ಹಗ್ಗ ಇದ್ರೆ ಹೇಳಿ."

ಅವರು ಚೀಲವನ್ನು ನನ್ನ ಕಾಲ ಬಳಿ ಇಟ್ಟರು. ಆಮೇಲೆ ಹಿಂದೆ ಹೋಗಿ ಕೂತು, ಹೆಬ್ಬೆರಳಿನಿಂದ ಬಟನ್ ಒತ್ತಿದರು. ಎಂಜಿನ್ ಮೊದಲ ಸಲಕ್ಕೇ ಚಾಲೂ ಆಯಿತು.

ನಾನು ಅವರ ಕಡೆ ಮುಖ ಮಾಡಿ ಕೂತಿದ್ದೆ. ಇಷ್ಟು ವರ್ಷ ಅಕ್ಕಪಕ್ಕ ಕೂತು ಇಬ್ಬರೂ ಮುಂದೆ ನೋಡುತ್ತಿದ್ದುದರಿಂದ, ದೋಣಿ ಓಡಿಸುವಾಗ ಭಾವನ ಮುಖ ಹೇಗಿರುತ್ತದೆಂದು ನಾನು ನೋಡೇ ಇರಲಿಲ್ಲ. ಕಣ್ಣು ಕಿರಿದು ಮಾಡಿ, ತುಟಿ ಕಚ್ಚಿಕೊಂಡು, ಎದೆಯ ಹೊಲಿಗೆಯನ್ನೆಲ್ಲ ಮರೆತು ಕೂತಿದ್ದರು.

"ನನ್ನೇನು ನೋಡ್ತೀಯ? ಮುಂದೆ ನೋಡು. ಎಡಕ್ಕೆ ಆ ಹಳೇ ಮರದ ಬೊಡ್ಡೆ ಇರ್ಬೇಕು," ಎಂದು ಗದರಿದರು.

ತಿರುಗಿ ನೋಡಿದೆ. ನೀರಿನಡಿ ಕಪ್ಪಗೆ ಇತ್ತು. "ಬಲಕ್ಕೆ! ಬಲಕ್ಕೆ!" ಎಂದು ಕೂಗಿದೆ.

ದೋಣಿ ಬಲಕ್ಕೆ ಹೊರಳಿ ಬೊಡ್ಡೆಯನ್ನು ದಾಟಿತು. ಆಗ ನೋಡಿಕೊಂಡೆ. ಕೂಗುವಾಗ ನನ್ನ ಕೈ ತಾನಾಗಿ ಹಿಂದೆ ಚಾಚಿ, ಇಲ್ಲದ ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದುಕೊಂಡಿತ್ತು.